ಪೊಟರೆಗೆ ಬಂದ ಪುನುಗಿನ ವಾಸನೆ

ಒಂದು ಕಾಡಿನಲ್ಲಿ ಹಳೆಯ ತಾರೆ ಮರವಿತ್ತು. ಅದರ ಪೊಟರೆಯೊಳಗೆ ದೇವೀರಿ ಎಂಬ ಮಂಗಟ್ಟೆ ಹಕ್ಕಿ ತನ್ನ ಎರಡು ಮರಿಗಳೊಂದಿಗೆ ಕೂತಿದ್ದಳು. ಮಂಗಟ್ಟೆಗಳ ಪದ್ಧತಿಯೇ ಬೇರೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಪೊಟರೆ ಹೊಕ್ಕು, ಅದರ ಬಾಯನ್ನು ಮಣ್ಣು ಮೆತ್ತಿ ಮುಚ್ಚಿಬಿಡುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳು ಉದುರಿ ಹೊಸವು ಮೂಡುತ್ತವೆ. ಅಲ್ಲಿಯವರೆಗೆ ಗಂಡು ಹಣ್ಣು ತಂದು ಆ ಸೀಳಿನಲ್ಲೇ ಕೊಡುತ್ತದೆ.

ಆದರೆ ಹಿಂದಿನ ದಿನ ದೇವೀರಿಯ ಗಂಡ ಬಂದಿರಲಿಲ್ಲ. ಅಂದೂ ಬರಲಿಲ್ಲ. ಮರಿಗಳು ಕೂಗಿ ಕೂಗಿ ಸೋತವು. ಹಾರೋಣವೆಂದರೆ ಅವಳಿಗೆ ಗರಿಯಿಲ್ಲ. ಗೋಡೆ ಒಡೆದರೆ ಮರಿಗಳಿಗೆ ಮರೆಯಿಲ್ಲ.

"ದೇವರೇ, ನನ್ನ ಕೈಲಾಗುವುದು ಮುಗಿಯಿತು. ಇನ್ನು ನೀನುಂಟು, ಈ ಮಕ್ಕಳುಂಟು" ಎಂದಳು.

ಸಂಜೆ ಸೀಳಿನಿಂದ ಒಂದು ಪರಿಮಳ ಒಳಗೆ ಬಂತು. ಗರ್ಭಗುಡಿಯ ಬಾಗಿಲು ತೆರೆದಾಗ ಬರುವಂಥ ಪರಿಮಳ.

"ತಂಗೀ, ಇದ್ದೀಯಾ?"

"ಯಾರದು?"

"ನಾನು, ಪುನುಗು ಬೆಕ್ಕು ಗಂಧಪ್ಪ. ದೇವರು ಕಳಿಸಿದ, ಬಂದೆ."

"ನಿನ್ನನ್ನು ಕಳಿಸಿದನೇ?"

"ನನ್ನನ್ನಲ್ಲದೆ ಇನ್ಯಾರನ್ನು ಕಳಿಸುತ್ತಾನೆ? ಗುಡಿಯಲ್ಲಿ ಅವನ ಮೈಗೆ ಹಚ್ಚುವುದು ನನ್ನ ಪುನುಗನ್ನೇ ಅಲ್ಲವೇ? ನಮ್ಮಿಬ್ಬರದೂ ಒಂದೇ ವಾಸನೆ. ನಿನ್ನ ಗಂಡನನ್ನು ಹದ್ದು ಒಯ್ದಿತು, ತಂಗಿ. ಇನ್ನು ನಾನೇ ನಿನಗೆ ಅಣ್ಣ. ಈ ಗೋಡೆ ಒಂದಿಷ್ಟು ಒಡಿ. ಅತ್ತಿಹಣ್ಣು ತಂದಿದ್ದೇನೆ."

ದೇವೀರಿಗೆ ಹದ್ದಿನ ಮಾತು ನಿಜವೋ ಸುಳ್ಳೋ ತಿಳಿಯಲಿಲ್ಲ. ಪರಿಮಳವೇನೋ ದೇವರದೇ. ಆದರೆ ಹಣ್ಣು ಕೊಡಲು ಬಂದವನು ತೊಗಟೆಯ ಒಂದು ಸದ್ದೂ ಆಗದ ಹಾಗೆ ಯಾಕೆ ಮರ ಹತ್ತಿದ?

"ಸೀಳಿನಲ್ಲೇ ಕೊಡಣ್ಣ" ಎಂದಳು.

"ಹಣ್ಣು ದಪ್ಪ. ತೂರುವುದಿಲ್ಲ."

"ನನ್ನ ಗಂಡ ದಿನವೂ ತೂರಿಸುತ್ತಿದ್ದ."

ಗಂಧಪ್ಪ ನಿಟ್ಟುಸಿರು ಬಿಟ್ಟ. "ನಿನಗೆ ದೇವರಲ್ಲಿ ನಂಬಿಕೆಯಿಲ್ಲ, ತಂಗಿ. ಅದಕ್ಕೇ ಈ ಗತಿ ಬಂತು."

ಆ ಮಾತು ಅವಳನ್ನು ಇರಿಯಿತು.

"ದೇವರಲ್ಲಿ ಇದೆ" ಎಂದಳು. "ನಿನ್ನಲ್ಲಿ ಇಲ್ಲ. ಕೊಡುವವರಿಗೆ ಈ ಸೀಳು ಸಾಕು. ಒಯ್ಯುವವರಿಗೆ ಮಾತ್ರ ಬಾಗಿಲು ಬೇಕು."

ಹೊರಗಿನಿಂದ "ಆಯಿತಮ್ಮ, ಸೀಳಿನಲ್ಲೇ ತಗೋ" ಎಂಬ ದನಿ ಕೇಳಿತು. ಪಂಜವೊಂದು ಒಳಗೆ ಬಂತು. ಅದರಲ್ಲಿ ಹಣ್ಣಿರಲಿಲ್ಲ. ಉಗುರುಗಳು ಬಿಚ್ಚಿ ಚಿಕ್ಕ ಮರಿಯ ಕತ್ತನ್ನು ತಡಕಿದವು. ದೇವೀರಿ ತನ್ನ ದೊಡ್ಡ ಕೊಕ್ಕಿನಿಂದ ಆ ಪಂಜವನ್ನು ಕಚ್ಚಿ ಹಿಡಿದಳು.

"ಬಿಡು, ಬಿಡು. ನಾನು ದೇವರ ಕಡೆಯವನು."

"ಹಾಗಾದರೆ ಅವನೇ ಬಿಡಿಸಲಿ" ಎಂದಳು ದೇವೀರಿ, ಹಲ್ಲು ಕಚ್ಚಿದವರ ದನಿಯಲ್ಲಿ.

ಗಂಧಪ್ಪ ಒದ್ದಾಡಿದ. ಹಿಂಗಾಲು ಜಾರಿತು. ಪಂಜ ಹರಿದುಕೊಂಡು ಕೆಳಗಿನ ಮುಳ್ಳುಬಿದಿರಿನ ಮೆಳೆಗೆ ಬಿದ್ದ. ಕುಂಟುತ್ತಾ ಹೋದವನು ಮತ್ತೆ ಆ ಮರದ ಬಳಿ ಸುಳಿಯಲಿಲ್ಲ.

ಆದರೆ ಮರಿಗಳ ಹೊಟ್ಟೆ ಇನ್ನೂ ಖಾಲಿ. ದೇವರನ್ನು ಕರೆದರೆ ಬಂದದ್ದು ಇವನು. ತನ್ನ ಕೂಗು ದೇವರಿಗೆ ಕೇಳಿಸಿತೋ ಇಲ್ಲವೋ ಎಂದು ದೇವೀರಿಗೆ ಅನುಮಾನವಾಯಿತು. ಆದರೂ ಗೋಡೆ ಒಡೆಯಲಿಲ್ಲ. ಕೇಳಿಸಿದೆ ಎಂದುಕೊಂಡೇ ಮರಿಗಳನ್ನು ಎದೆಗೆ ಒತ್ತಿಕೊಂಡು ಕೂತಳು.

ಬೆಳಗಾಗುತ್ತಲೇ ಮರದ ತೊಗಟೆ ಪರಪರ ಸದ್ದು ಮಾಡಿತು. ಸೀಳಿನಲ್ಲಿ ಒಂದು ಅತ್ತಿಹಣ್ಣು ಒಳಗೆ ಬಿತ್ತು. ದೇವೀರಿ ಅದನ್ನು ಮುಟ್ಟಲಿಲ್ಲ.

"ಯಾರದು? ನಿನ್ನನ್ನು ಯಾರು ಕಳಿಸಿದರು?"

"ನನ್ನನ್ನು ಯಾರು ಕಳಿಸುತ್ತಾರೆ?" ಎಂದು ಗೊಣಗಿದಳು ಮೇಲಿನ ಕೊಂಬೆಯ ಮುದಿ ಕೆಂಜಳಿಲು ಕೆಂಚಜ್ಜಿ. "ನಿನ್ನ ಮರಿಗಳ ಗಲಾಟೆಗೆ ನನಗೆ ನಿದ್ದೆಯಿಲ್ಲ. ತಿನ್ನಿಸಿ ಸುಮ್ಮನಿರಿಸು."

"ಗೋಡೆ ಒಡೆಯಬೇಕೇ, ಅಜ್ಜಿ?"

"ಒಡೆದರೆ ನನಗೇನು ಬಂತು? ಮುಚ್ಚಿಕೊಂಡೇ ಇರು. ಹಿಡಿ, ಇನ್ನೊಂದು."

ದೇವೀರಿ ಮೊದಲು ತಾನು ಕಚ್ಚಿ ನೋಡಿದಳು. ಬರೀ ಹಣ್ಣು. ಮರಿಗಳಿಗೆ ತಿನ್ನಿಸಿದಳು. ಅವು ತಿಂದು, ಒಂದರ ಮೇಲೊಂದು ಒರಗಿ ನಿದ್ದೆಹೋದವು.

"ಅಜ್ಜಿ, ನಮ್ಮ ಮನೆಯವರು?"

ಕೆಂಚಜ್ಜಿ ಬಾಲ ಆಡಿಸುವುದನ್ನು ನಿಲ್ಲಿಸಿದಳು. "ಹದ್ದು, ಮಗಳೇ. ನಾನೇ ಕಂಡೆ. ಆಗಲೂ ಅವನ ಕೊಕ್ಕಿನಲ್ಲಿ ಹಣ್ಣಿತ್ತು."

ದೇವೀರಿ ಆಗ ಅತ್ತಳು. ಕೆಂಚಜ್ಜಿ ಅವಳ ಅಳು ನಿಲ್ಲುವವರೆಗೂ ಸೀಳಿನ ಪಕ್ಕದಲ್ಲೇ ಕೂತಿದ್ದು, ಆಮೇಲೆ ಇನ್ನಷ್ಟು ಹಣ್ಣು ತರಲು ಹೋದಳು.

ನೀತಿ: ಕಷ್ಟ ಎಷ್ಟೇ ದೊಡ್ಡದಾದರೂ ದೇವರನ್ನು ನಂಬಬೇಕು, ಆದರೆ ದೇವರ ಹೆಸರು ಹೇಳಿಕೊಂಡು ಬಂದವರನ್ನೆಲ್ಲ ನಂಬಬಾರದು.