ಕರಡಿ ಎದ್ದು ನಿಂತು ಗಾಳಿ ಮೂಸುವುದೇಕೆ?

ಯಾವ ಬೆಟ್ಟ ಎಲ್ಲಿ ಕೂರಬೇಕು, ಯಾವ ಹೊಳೆ ಎತ್ತ ಹರಿಯಬೇಕು ಎಂದು ಅವು ಇನ್ನೂ ಜಗಳವಾಡುತ್ತಿದ್ದ ಕಾಲವದು. ಬಡಗಣ ದಿಕ್ಕಿನ ಹಿಮದ ನಾಡಿನಲ್ಲಿ ಬೇರಾ ಎಂಬ ತಾಯಿ ಕರಡಿ ತನ್ನ ಮರಿ ಹೂನನ ಜೊತೆ ಇದ್ದಳು. ಆಗೆಲ್ಲ ಕರಡಿಗಳು ನಾಲ್ಕೇ ಕಾಲಲ್ಲಿ ನಡೆಯುತ್ತಿದ್ದವು, ಕಣ್ಣಿಗೆ ಕಂಡದ್ದನ್ನು ನಂಬುತ್ತಿದ್ದವು. ಕರಡಿಯ ತೊಗಲು ಕಂಡರೆ ಕರಡಿ, ಅಷ್ಟೇ.

ಮೀನು ತರುತ್ತೇನೆಂದು ಹೋದ ಬೇರಾಳ ಗಂಡ ಚಳಿಗಾಲ ಕಳೆದರೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ಹೊಳೆಯ ಆಚೆ ದಡದಲ್ಲಿ ಕಂಡ! ಅದೇ ಕಂದು ತೊಗಲು, ಭುಜದ ಮೇಲೆ ಅದೇ ಬಿಳಿ ಮಚ್ಚೆ.

"ಅಪ್ಪಾ!" ಎಂದು ಹೂನ ನೀರಿಗಿಳಿದೇಬಿಟ್ಟ.

ಬೇರಾಳ ಎದೆ ಮಾತ್ರ ಯಾಕೋ ಹಿಂದೇಟು ಹಾಕಿತು. ಇವನೇಕೆ ಎರಡೇ ಕಾಲಲ್ಲಿ ನಿಂತಿದ್ದಾನೆ? ದುಂಡನೆಯ ಮರದ ಗುರಾಣಿ ಹಿಡಿದು ಅದರ ಅಂಚನ್ನು ಕಚ್ಚುತ್ತಿದ್ದಾನೆ, ಬಾಯಲ್ಲಿ ನೊರೆ. ಕಚ್ಚುತ್ತಾನೆ, ನುಂಗುವುದಿಲ್ಲ. ತಿನ್ನದ ಮರವನ್ನು ಯಾವ ಕರಡಿ ಕಚ್ಚೀತು? ಬೆಳ್ಳಗಿರುವುದೆಲ್ಲ ಹಾಲಲ್ಲ.

"ಗಾಳಿಯಣ್ಣಾ, ಅವನು ಯಾರು?"

"ಕಣ್ಣನ್ನು ಕೇಳಬೇಡ ತಂಗಿ, ಮೂಗನ್ನು ಕೇಳು. ನಾನು ಮೇಲೆ ಬೀಸ್ತಿದ್ದೀನಿ. ಎದ್ದು ನಿಲ್ಲು."

ಬೇರಾ ಮೊದಲ ಸಲ ಎದ್ದು ನಿಂತು ಮೂಗೆತ್ತಿದಳು. ಕಬ್ಬಿಣದ ವಾಸನೆ, ಹೊಗೆಯ ವಾಸನೆ, ಮನುಷ್ಯನ ಬೆವರು. ಅದರ ಮೇಲೆ ತೆಳ್ಳಗೆ, ಗಂಡನ ವಾಸನೆ. ಅವಳಿಗೆ ಎಲ್ಲ ಅರ್ಥವಾಯಿತು. ಗಂಡ ಬಂದಿರಲಿಲ್ಲ, ಅವನ ತೊಗಲಷ್ಟೇ ಬಂದಿತ್ತು.

"ಇವನು ಬರ್ಸರ್ಕರಲ್ಲೊಬ್ಬ," ಗಾಳಿ ಪಿಸುಗುಟ್ಟಿತು. "ಕರಡಿ ತೊಗಲು ಹೊದ್ದು ಯುದ್ಧಕ್ಕೆ ಹೋಗೋ ಜನ. ಆವೇಶ ಬಂದರೆ ಕಲ್ಲು, ಮರ, ಸಿಕ್ಕಿದ್ದನ್ನೆಲ್ಲ ಕೊಚ್ಚುತ್ತಾರೆ. ತಮ್ಮ ಹಾಗೇ ತೊಗಲು ಹೊದ್ದು ನಿಂತವರನ್ನ ಮಾತ್ರ ಮುಟ್ಟೋದಿಲ್ಲ."

ಅಷ್ಟರಲ್ಲಿ ಹೂನ ಆಚೆ ದಡ ಹತ್ತಿದ್ದ. ಅವನ ತಲೆಯ ಮೇಲೆ ಕೊಡಲಿ ಎದ್ದಿತ್ತು.

"ಹೂನಾ, ಎದ್ದು ನಿಲ್ಲೋ!"

ಹೂನ ಓಲಾಡುತ್ತ ಎದ್ದು ನಿಂತ. ಬೇರಾ ಹೊಳೆ ಹಾರಿ ಬಂದು ಅವನ ಪಕ್ಕ ನಿಂತಳು. ಕೊಡಲಿ ಅಲ್ಲೇ ನಿಂತಿತು.

ಆ ಬರ್ಸರ್ಕನ ಹೆಸರು ಸ್ಟೈನಾರ್. ಅವನು ಕಣ್ಣು ಕಿರಿದು ಮಾಡಿ ನೋಡಿದ. "ಯಾರ ಕಡೆಯವರು ನೀವು? ನಮ್ಮವರೇ ಆದರೆ ಗುರಾಣಿ ಕಚ್ಚಿ ತೋರಿಸಿ!" ಎಂದು ತನ್ನ ಗುರಾಣಿಯನ್ನು ಮುಂದೆ ಚಾಚಿದ.

ಬೇರಾ ಅವನ ಭುಜದ ಬಿಳಿ ಮಚ್ಚೆಯನ್ನೇ ನೋಡಿದಳು. ಕೊಲ್ಲಬೇಕೆನಿಸಿತು. ಪಕ್ಕದಲ್ಲಿ ಮರಿ ನಡುಗುತ್ತಿತ್ತು. ದುಃಖವನ್ನೆಲ್ಲ ದವಡೆಗೆ ತಂದು ಒಂದೇ ಸಲ ಕಚ್ಚಿದಳು. ಅರ್ಧ ಗುರಾಣಿ ಹಪ್ಪಳದಂತೆ ಪುಡಿಯಾಯಿತು.

"ಭಲೇ! ಆವೇಶ ಅಂದರೆ ಇದು ಕಣಯ್ಯ!" ಎಂದ ಸ್ಟೈನಾರ್. ಆದರೂ ಅವನಿಗೇನೋ ಅನುಮಾನ. ತಿರುಗಿ ತಿರುಗಿ ನೋಡುತ್ತಲೇ ಕಾಡಿನಾಚೆ ಹೋದ.

"ಅಮ್ಮಾ, ಅದು ಅಪ್ಪ ಅಲ್ವಾ?"

"ಹೊರಗೆ ಅಪ್ಪನೇ ಕಣೋ," ಎಂದಳು ಬೇರಾ. "ಒಳಗೆ ಯಾರೋ."

ಅದಕ್ಕೇ ಮಗೂ, ಮೃಗಾಲಯದ ಕರಡಿ ನಿನ್ನನ್ನು ಕಂಡು ಎದ್ದು ನಿಂತು ಮೂಗೆತ್ತಿದರೆ, ಕುಣಿಯುತ್ತಿದೆ ಎಂದು ಚಪ್ಪಾಳೆ ತಟ್ಟಬೇಡ. ನಿನ್ನ ಅಂಗಿಯೊಳಗೆ ಇರುವವರು ಯಾರು ಎಂದು ಅದು ಗಾಳಿಯನ್ನು ಕೇಳುತ್ತಿದೆ.