ಗಾಣಿಗನ ಚಪ್ಪಲಿಯ ಸಾಕ್ಷಿ

"ಕಣ್ಣಾರೆ ಕಂಡವರು ನನಗೆ ಬೇಕಿಲ್ಲ ಪ್ರಭು! ಮೂರು ಕುರುಹು ಸಿಕ್ಕರೆ ಸಾಕು, ಕೊಲೆಗಾರ ಪಾತಾಳದಲ್ಲಿ ಅಡಗಿದ್ದರೂ ಜುಟ್ಟು ಹಿಡಿದು ಎಳೆದು ತರುತ್ತೇನೆ!" ಎಂದು ದಳವಾಯಿ ಭದ್ರಪ್ಪ ಹೊನ್ನಗೋಡಿನ ಆಸ್ಥಾನದಲ್ಲಿ ಮೀಸೆ ತಿರುವಿದ.

ಅರಸ ವೀರಭೂಪಾಲ ತಲೆದೂಗಿದ. ವಿದೂಷಕ ಬೊಮ್ಮರಸ ಆಕಳಿಸಿದ. ಈ ಬೊಮ್ಮರಸ ಮಹಾ ಜಾಣನೆಂದು ಊರೆಲ್ಲ ಹೇಳುತ್ತಿತ್ತು, ಅವನ ಹೆಂಡತಿಯೊಬ್ಬಳನ್ನು ಬಿಟ್ಟು. ಹೆಂಡತಿ ಹೇಳುವುದೇ ಸರಿಯಿರಬೇಕು ಎಂದು ಅವನಿಗೂ ಒಳಗೊಳಗೇ ಅನುಮಾನವಿತ್ತು.

ದಳವಾಯಿ ಎಳೆದು ತಂದವನು ಗಾಣಿಗ ಕೆಂಚಣ್ಣ. ಕೈಗೆ ಕೋಳ, ಕಣ್ಣಲ್ಲಿ ನೀರು. ಮದುವೆ ಮನೆಯೊಂದರ ಊಟದ ಪಂಕ್ತಿಯಲ್ಲಿ ಅವನಿಗೂ ಗುರಿಕಾರ ಹಾಲಪ್ಪನಿಗೂ ಎರಡನೇ ಸಲದ ಹೋಳಿಗೆಗಾಗಿ ಜಗಳವಾಗಿತ್ತು. ಹಾಲಪ್ಪ ಅರ್ಧ ಊಟಕ್ಕೇ ಎದ್ದು ದುಮುದುಮು ಹೊರಟುಹೋದ. ಸಂಜೆ ಹೊತ್ತಿಗೆ ಊರ ಕಲ್ಯಾಣಿಯ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಸತ್ತುಬಿದ್ದಿದ್ದ.

ದಳವಾಯಿ ಬೆರಳು ಮಡಚಿದ. "ಒಂದು, ಪಂಕ್ತಿಯಲ್ಲಿ ಇವನು 'ನಿನ್ನ ತಲೆ ಒಡೀತೀನಿ' ಅಂದ. ಎರಡು, ಹೆಣದ ಪಕ್ಕ ಬಿದ್ದಿದ್ದದ್ದು ಇವನ ಚಪ್ಪಲಿ. ಮೂರು, ಸತ್ತವನ ಚಪ್ಪಲಿ ಇವನ ಕಾಲಲ್ಲಿತ್ತು! ಇನ್ನೇನು ಬೇಕು?"

"ಸ್ವಾಮಿ, ಉಂಡು ಹೊರಗೆ ಬಂದೆ, ನನ್ ಜೋಡು ಕಾಣ್ಲಿಲ್ಲ," ಎಂದ ಕೆಂಚಣ್ಣ ಅಳುತ್ತ. "ಉಳಿದಿದ್ದನ್ನ ಮೆಟ್ಕೊಂಡು ಮನೆಗೆ ಹೋದೆ. ದೇವ್ರಾಣೆ, ಕಲ್ಯಾಣಿ ಕಡೆ ತಲೆ ಹಾಕಿಲ್ಲ!"

"ಕಳ್ಳನಿಗೊಂದು ಪಿಳ್ಳೆ ನೆವ! ಕಂಡವರ ಚಪ್ಪಲಿ ಯಾರಾದರೂ ಹಾಕಿಕೊಳ್ಳುತ್ತಾರೆಯೇ?" ಎಂದ ದಳವಾಯಿ.

ಬೊಮ್ಮರಸ ತನ್ನ ಬರಿಗಾಲುಗಳನ್ನು ನೋಡಿಕೊಂಡ. ಅವನೇ ಎಷ್ಟು ಮದುವೆಗಳಿಂದ ಬೇರೆಯವರ ಚಪ್ಪಲಿಯಲ್ಲಿ ಮನೆಗೆ ಬಂದಿರಲಿಲ್ಲ! ಒಮ್ಮೆಯಂತೂ ಎರಡೂ ಎಡಗಾಲಿನವು. ಈ ನ್ಯಾಯದ ಪ್ರಕಾರ ತಾನು ಎಷ್ಟು ಸಲ ಗಲ್ಲಿಗೇರಬೇಕಿತ್ತೋ ಎಂದು ಕುತ್ತಿಗೆ ಸವರಿಕೊಂಡ.

"ದಳವಾಯಿಗಳೇ, ಹಸಿದ ಹೊಟ್ಟೆಯಲ್ಲಿ ಹುಳಿಯ ರುಚಿಯನ್ನೂ ನೋಡಬಾರದು, ಕೊಲೆಯ ತೀರ್ಪನ್ನೂ ಕೊಡಬಾರದು. ಊಟ ಆಗಲಿ," ಎಂದ.

"ನಡುವೆ ಬಾಯಿ ಹಾಕಿದರೆ ನಿನ್ನ ಸೊಂಟ ಮುರಿದೇನು!" ಎಂದು ದಳವಾಯಿ ಗದರಿದ.

ಅರಸ ಕೈಯೆತ್ತಿದ. "ಸಾಕು. ಊಟ ಮುಗಿಯಲಿ. ಆಮೇಲೆ ಗಲ್ಲು."

ಬೊಮ್ಮರಸ ಎಲೆಅಡಿಕೆ ಉಗಿಯುವ ನೆಪದಲ್ಲಿ ಎಲ್ಲರಿಗಿಂತ ಮೊದಲು ಹೊರಗೆ ಜಾರಿದ. ಹೊನ್ನಗೋಡಿನ ಸಭೆಯೊಳಗೆ ಚಪ್ಪಲಿ ತರುವಂತಿಲ್ಲ. ಕೊಲೆಯ ಸಾಕ್ಷಿಯಾದರೂ ಸರಿ, ಚಪ್ಪಲಿ ಚಪ್ಪಲಿಯೇ. ಹೀಗಾಗಿ ಕೆಂಚಣ್ಣನ ಜೋಡೂ ಸಭಿಕರ ಜೋಡುಗಳ ಜೊತೆಯಲ್ಲೇ ಜಗಲಿಯ ಮೇಲಿತ್ತು. ಕಾವಲಿನವನು ಕಂಬಕ್ಕೊರಗಿ ತೂಕಡಿಸುತ್ತಿದ್ದ.

ಬೊಮ್ಮರಸ ಅದರ ಅಟ್ಟೆ ಒತ್ತಿ ನೋಡಿದ. ಬೆರಳಿಗೆ ಎಣ್ಣೆ ಹತ್ತಿತು. ಅವನ ಮುಖ ಅರಳಿತು. ದಳವಾಯಿಯ ಜೋಡನ್ನು ಕಂಬದ ಹಿಂದೆ ತಳ್ಳಿ, ಆ ಜಾಗದಲ್ಲಿ ಗಾಣಿಗನ ಜೋಡನ್ನು ಇಟ್ಟ. ಎದುರಿಗೆ ನುಣುಪಾದ ಕಲ್ಲಿನ ಮೆಟ್ಟಿಲು. 'ಇಳಿಯಲಿ ದಳವಾಯಿ, ತಿಳಿಯಲಿ ಸತ್ಯ' ಎಂದುಕೊಂಡ. ಆಹಾ, ಎಂಥ ಉಪಾಯ! ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಅಷ್ಟರಲ್ಲಿ ಪಾಕಶಾಲೆಯಿಂದ ಒಗ್ಗರಣೆಯ ಘಮಲು ಬಂತು.

ಬೊಮ್ಮರಸನ ಬುದ್ಧಿ ಅಲ್ಲಿಯೇ ನಿಂತುಹೋಯಿತು, ಕಾಲು ಮುಂದೆ ಹೋಯಿತು. ಕಣ್ಣೆದುರಿಗಿದ್ದ ಜೋಡಿಗೆ ಕಾಲು ತೂರಿಸಿ ಹೊರಟೇಬಿಟ್ಟ. ಮೊದಲನೆಯ ಮೆಟ್ಟಿಲಿನಲ್ಲಿ ಸರ್ರೆಂದ, ಎರಡನೆಯದರಲ್ಲಿ 'ಅಯ್ಯೋ ಅಮ್ಮಾ' ಎಂದ, ಉಳಿದವನ್ನೆಲ್ಲ ಕುಂಡೆಯ ಮೇಲೆ ಇಳಿದ.

ಸದ್ದಿಗೆ ಸಭೆಯೇ ಹೊರಗೆ ಬಂತು. ದಳವಾಯಿಗೆ ತಡೆಯಲಾರದ ನಗು. ಈ ತಮಾಷೆಯನ್ನು ಹತ್ತಿರದಿಂದ ನೋಡಬೇಕೆಂಬ ಅವಸರದಲ್ಲಿ ಸಿಕ್ಕಿದ ಜೋಡಿಗೆ ಕಾಲಿಟ್ಟು ದಡದಡ ಇಳಿದ. "ಏನು ಬೊಮ್ಮರಸ, ಜಾಣತನ ಕಾಲಿಗಿಳಿಯಿತೆ?"

ಬೊಮ್ಮರಸನಿಗೆ ನಾಚಿಕೆಯಿಂದ ಭೂಮಿಗಿಳಿಯುವಂತಾಗಿತ್ತು. ತೋಡಿದ ಹಳ್ಳಕ್ಕೆ ತಾನೇ ಬಿದ್ದದ್ದಲ್ಲದೆ, ಬಡಪಾಯಿ ಗಾಣಿಗನ ಪ್ರಾಣವನ್ನೂ ಒಂದು ಒಗ್ಗರಣೆಗೆ ಮಾರಿದೆನಲ್ಲ ಎಂದು ಹಳಹಳಿಸಿದ. ತಲೆ ತಗ್ಗಿಸಿದ. ತಗ್ಗಿಸಿದ ಕಣ್ಣಿಗೆ ದಳವಾಯಿಯ ಪಾದಗಳು ಕಂಡವು.

"ಪ್ರಭು! ಕೊಲೆ! ನಾನು ಸತ್ತೆ!" ಎಂದು ಬೊಬ್ಬೆಹಾಕಿದ.

"ಸತ್ತವನು ಮಾತಾಡುತ್ತಿದ್ದೀಯಲ್ಲೋ?" ಎಂದ ಅರಸ.

"ಹುಟ್ಟುಗುಣ ಸುಟ್ಟರೂ ಹೋಗದು ಪ್ರಭು. ಸತ್ತವನನ್ನು ಬಿಟ್ಟು ಕುರುಹು ನೋಡಿ. ಪಕ್ಕದಲ್ಲಿ ಕೆಂಚಣ್ಣನ ಚಪ್ಪಲಿ ಬಿದ್ದಿದೆ. ಆದರೆ ಅವನು ಕೋಳದಲ್ಲಿ ಒಳಗಿದ್ದಾನೆ. ಹಾಗಾದರೆ ಕೊಂದವರು ಯಾರು? ಎಲ್ಲರ ಎದುರು ನನ್ನ ಸೊಂಟ ಮುರಿಯುತ್ತೇನೆಂದವರು ಯಾರು? ಈಗ ನನ್ನ ಚಪ್ಪಲಿ ಇರುವುದು ಯಾರ ಕಾಲಲ್ಲಿ?"

ಎಲ್ಲರ ಕಣ್ಣೂ ದಳವಾಯಿಯ ಪಾದಗಳ ಮೇಲೆ ಬಿತ್ತು. ಬಾರು ಹರಿದು ದಾರದಲ್ಲಿ ಕಟ್ಟಿದ್ದ ಬೊಮ್ಮರಸನ ಹಳೇ ಚಪ್ಪಲಿ!

ದಳವಾಯಿ ಬೆವೆತ. "ಪ್ರಭು, ನನ್ನದು ಕಾಣಲಿಲ್ಲ... ಅವಸರದಲ್ಲಿ ಸಿಕ್ಕಿದ್ದನ್ನು ಮೆಟ್ಟಿಕೊಂಡೆ!"

"ಕೆಂಚಣ್ಣನೂ ಬೆಳಗಿನಿಂದ ಅದನ್ನೇ ಹೇಳಿಕೊಂಡು ಅಳುತ್ತಿದ್ದಾನೆ," ಎಂದ ಬೊಮ್ಮರಸ.

ಅರಸ ಕೆಳಗಿಳಿದು ಬಂದು ಗಾಣಿಗನ ಚಪ್ಪಲಿಯನ್ನು ತಾನೇ ಕೈಗೆತ್ತಿಕೊಂಡ. ಗಾಣದ ಸುತ್ತ ತಿರುಗಿ ತಿರುಗಿ ಎಣ್ಣೆ ಕುಡಿದ ತೊಗಲು ಅವನ ಹಿಡಿತದಿಂದಲೂ ಜಾರಿತು.

"ಸಿಟ್ಟಿನಲ್ಲಿ ಎದ್ದು ಹೋದ ಹಾಲಪ್ಪ ಇದನ್ನೇ ಮೆಟ್ಟಿಕೊಂಡು ಕಲ್ಯಾಣಿಗೆ ಇಳಿದನೆ?" ಎಂದ ಮೆಲ್ಲಗೆ.

"ಇಳಿಯಲಿಲ್ಲ ಪ್ರಭು, ನನ್ನ ಹಾಗೆ ಜಾರಿದ. ಅವನ ತಲೆಗೆ ಪೆಟ್ಟಾಯಿತು, ಪಾಪ. ನನಗೆ ದೇವರು ಕೆಳಗಡೆ ದಪ್ಪ ಕೊಟ್ಟಿದ್ದಾನೆ."

ಅರಸ ಬಿದ್ದು ಬಿದ್ದು ನಕ್ಕ. ಕೆಂಚಣ್ಣನ ಕೋಳ ಬಿಚ್ಚಿಸಿದ. ಅವನು ಓಡಿಬಂದು ಬೊಮ್ಮರಸನ ಕಾಲು ಹಿಡಿದ. "ನನ್ ಜೀವ ಉಳಿಸಿದ್ರಿ ಬುದ್ಧೀ!"

"ಮೆಲ್ಲಗೆ ಮಾರಾಯ, ಆ ಕಾಲು ಉಳುಕಿದೆ!"

"ಏನು ಬಹುಮಾನ ಬೇಕೋ ಕೇಳು," ಎಂದ ಅರಸ.

ಬೊಮ್ಮರಸ ಏಳಲು ನೋಡಿದ, ಆಗಲಿಲ್ಲ.

"ಪ್ರಭು, ಸಾಯಬೇಕಾದವನು ನಡೆದುಕೊಂಡು ಮನೆಗೆ ಹೊರಟಿದ್ದಾನೆ, ಉಳಿಸಿದವನನ್ನು ಹೊತ್ತುಕೊಂಡು ಹೋಗಬೇಕಾಗಿದೆ. ನಾಲ್ಕು ಜನರನ್ನು ಕೊಡಿಸಿ. ಆದರೆ ಅವರಿಗೆ ಪಲ್ಲಕ್ಕಿ ತರುವುದಕ್ಕೆ ಹೇಳಿ. ದಳವಾಯಿಗಳನ್ನು ಕೇಳಿದರೆ ಕುರುಹು ನೋಡಿ ಚಟ್ಟ ತಂದಾರು!"