ಮಗುವಿನ ನೆತ್ತಿ ಏಕೆ ಮಿಡಿಯುತ್ತದೆ

ಭೂಮಿ ಇನ್ನೂ ಹಸಿಮಣ್ಣಾಗಿದ್ದ ಕಾಲ. ಬೆಟ್ಟದ ಮೇಲೆ ಕೈಯಿಟ್ಟರೆ ಅಚ್ಚು ಮೂಡುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಹುಟ್ಟಿರಲಿಲ್ಲ, ಏಕೆಂದರೆ ದೊಣ್ಣೆಯೇ ಹುಟ್ಟಿರಲಿಲ್ಲ. ಹೊಳೆ ಮಾತಾಡುತ್ತಿತ್ತು, ಬೆಂಕಿಯೂ ಮಾತಾಡುತ್ತಿತ್ತು.

ಆ ಹೊಳೆಯ ದಂಡೆಯಲ್ಲಿ ಕೆಂಚವ್ವ ಎಂಬ ಕುಂಬಾರ್ತಿ ಇದ್ದಳು. ಅವಳಿಗೆ ಇನ್ನೂ ವರ್ಷ ತುಂಬದ ಮಗಳು, ಹೊನ್ನಿ. ಕೆಂಚವ್ವನ ಎದೆಯಲ್ಲಿ ಕೆಮ್ಮು ಮನೆ ಮಾಡಿತ್ತು. ಬರುವ ಮಳೆಗಾಲವನ್ನು ತಾನು ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸಾವಿಗೆ ಅವಳು ಅಷ್ಟೇನೂ ಹೆದರಿರಲಿಲ್ಲ. ಮಗಳು ತನ್ನನ್ನು ಮರೆತುಬಿಟ್ಟರೆ ಎಂಬುದೊಂದೇ ಹೆದರಿಕೆ.

ಅದಕ್ಕೇ ದಿನವೂ ಬೆಳಿಗ್ಗೆ ಹೊನ್ನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನೋಡೇ, ಇದು ನಿನ್ನವ್ವನ ಮೂಗು. ಇದು ನಿನ್ನವ್ವನ ಹಣೆ," ಎಂದು ಪುಟ್ಟ ಕೈಯಿಂದ ಮುಟ್ಟಿಸುತ್ತಿದ್ದಳು. ಮುಟ್ಟಿಸಿದ್ದನ್ನೇ ಮತ್ತೆ ಮತ್ತೆ ಮುಟ್ಟಿಸುತ್ತಿದ್ದಳು.

ಒಮ್ಮೆ ಜ್ವರ ಬಂದು ಕೆಂಚವ್ವ ಎರಡು ತಿಂಗಳು ಬೇರೆ ಗುಡಿಸಲಿನಲ್ಲಿ ಮಲಗಿದಳು. ಮಗುವನ್ನು ಅವಳ ತಂಗಿ ನೋಡಿಕೊಂಡಳು. ಕೆಂಚವ್ವ ಎದ್ದು ಬಂದು ಕೈಚಾಚಿದರೆ ಹೊನ್ನಿ ಹೆದರಿ ಚಿಕ್ಕವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕೆಂಚವ್ವ ಹೊಳೆಯ ಬಳಿ ಹೋಗಿ ಅತ್ತಳು. "ಹೊಳೆಯವ್ವ, ಅಷ್ಟೊಂದು ಹೇಳಿಕೊಟ್ಟೆ. ಎಲ್ಲಾ ಎಲ್ಲಿ ಹೋಯ್ತು?"

"ಹಸಿ ಮಡಕೆಗೆ ನೀರು ಹುಯ್ದೆಯಲ್ಲೇ," ಎಂದಿತು ಹೊಳೆ. "ಬೇರೆ ಯಾರಾದ್ರೂ ಮಾಡಿದ್ರೆ ನಗ್ತಿದ್ದೆ. ನೀನು ಕುಂಬಾರ್ತಿ, ನಿನಗೆ ಗೊತ್ತಾಗಬೇಡವಾ? ಮಗುವಿನ ತಲೆ ಇನ್ನೂ ಕಾವು ಕಂಡಿಲ್ಲ."

ಕೆಂಚವ್ವ ಮಡಕೆ ಸುಡುವ ಆವಿಗೆಯ ಬಳಿಗೆ ಓಡಿದಳು. "ಬೆಂಕಿಯಣ್ಣ, ನನ್ನ ಮಗಳ ತಲೆಗೆ ಇವತ್ತೇ ನಿನ್ನ ಕಾವು ಕೊಡು. ನನ್ನ ಮುಖ ಅದರಲ್ಲಿ ಗಟ್ಟಿಯಾಗಿ ನಿಲ್ಲಲಿ."

ಬೆಂಕಿ ಹೇಳಿತು, "ಕೊಡ್ತೀನಿ ತಂಗಿ. ನಿನ್ನ ಮುಖ ಅಳಿಯೋದೇ ಇಲ್ಲ. ಆದರೆ ಕಾವು ಕಂಡ ಮಡಕೆ ಆಮೇಲೆ ದೊಡ್ಡದಾಗುತ್ತಾ? ನೀನೇ ಹೇಳು."

ಕೆಂಚವ್ವನಿಗೆ ಅದು ಗೊತ್ತಿದ್ದದ್ದೇ. ಹಸಿಯಾಗಿರುವಾಗಲೇ ಮಡಕೆಯೊಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ಹಿಗ್ಗಿಸಬೇಕು. ಸುಟ್ಟ ಮೇಲೆ ತಟ್ಟಿದರೆ ಒಡೆಯುತ್ತದೆ. ಇವತ್ತೇ ಕಾವು ಕೊಟ್ಟರೆ ಹೊನ್ನಿಯ ತಲೆಯಲ್ಲಿ ಅವ್ವನ ಮುಖವೊಂದಕ್ಕೇ ಜಾಗ. ಮಾತಿಗೆ ಜಾಗವಿಲ್ಲ, ಹಾಡಿಗೆ ಜಾಗವಿಲ್ಲ, ಗೆಳತಿಯರಿಗಿಲ್ಲ. ಮುಂದೊಂದು ದಿನ ಹುಟ್ಟುವ ಅವಳದೇ ಮಕ್ಕಳ ಹೆಸರಿಗೂ ಇಲ್ಲ.

ಸಂಜೆಯವರೆಗೆ ಅವಳು ಆವಿಗೆಯ ಮುಂದೆ ಕೂತಳು. ಕೊನೆಗೆ, "ಬೇಡಣ್ಣ," ಎಂದಳು. "ನಿಧಾನವಾಗಿ ಕೊಡು. ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪ. ಅವಳು ದೊಡ್ಡವಳಾಗೋವರೆಗೂ ಅವಸರ ಮಾಡಬೇಡ."

"ನಿನ್ನನ್ನ ಮರೀತಾಳೆ."

"ಮರೀಲಿ."

ಅಂದಿನಿಂದ ಕೆಂಚವ್ವ ಮೂಗು ಹಣೆ ಮುಟ್ಟಿಸಲಿಲ್ಲ. ದಿನವೂ ಅಂಗೈಗೆ ಹರಳೆಣ್ಣೆ ಹಾಕಿಕೊಂಡು ಮಗಳ ಮೆತ್ತನೆಯ ನೆತ್ತಿಗೆ ಮೆಲ್ಲಗೆ ತಟ್ಟಿದಳು, ಹಸಿ ಮಡಕೆಯನ್ನು ತಟ್ಟುವ ಹಾಗೆ. ಮಳೆ ಬರುವ ಮೊದಲೇ ತೀರಿಕೊಂಡಳು.

ಹೊನ್ನಿ ಬೆಳೆದಳು. ನೂರು ಹಾಡು ಕಲಿತಳು, ಊರಿನವರೆಲ್ಲರ ಹೆಸರು ನೆನಪಿಟ್ಟಳು. ಅವ್ವನ ಮುಖ ಹೇಗಿತ್ತೆಂದು ಯಾರಾದರೂ ಕೇಳಿದರೆ ಹೇಳಲು ಅವಳ ಬಳಿ ಏನೂ ಇರಲಿಲ್ಲ. ಚಿಕ್ಕವ್ವ ತಲೆಗೆ ಎಣ್ಣೆ ತಟ್ಟುವಾಗ ಮಾತ್ರ ಏಕೋ ಕಣ್ಣು ತುಂಬುತ್ತಿತ್ತು.

ಅಂದಿನಿಂದ ಬೆಂಕಿ ಎಲ್ಲ ಮಕ್ಕಳ ತಲೆಗೂ ನಿಧಾನವಾಗಿಯೇ ಕಾವು ಕೊಡುತ್ತದೆ. ಅದಕ್ಕೇ ನಮಗ್ಯಾರಿಗೂ ತೊಟ್ಟಿಲ ದಿನಗಳು ನೆನಪಿಲ್ಲ. ಅದಕ್ಕೇ ತೊಟ್ಟಿಲಲ್ಲಿ ಮಲಗಿರುವ ನಿನ್ನ ತಮ್ಮನ ನೆತ್ತಿ, ಒಳಗಿನಿಂದ ಯಾರೋ ಮೆಲ್ಲಗೆ ತಟ್ಟುತ್ತಿರುವ ಹಾಗೆ, ಇವತ್ತಿಗೂ ಮಿಡಿಯುತ್ತದೆ.